ಗುಡುಗು ಮಳೆಯ ಚಿತ್ರಣಕ್ಕೆ ಎರಡನೆಯ ಕ್ಯಾಮೆರಾ

ಚೈತ್ರ ಕಳೆದು ವೈಶಾಖ ಕಾಲಿಡುವ ಹೊತ್ತಿಗೆ ನಮ್ಮ ಬೀದರ ಸೀಮೆಯ ಎತ್ತರದ ಬಯಲು ಹಗಲೆಲ್ಲ ಕಾದು ಬೆಂದಿರುತ್ತದೆ. ಮಧ್ಯಾಹ್ನ ತಿರುಗಿದ ಮೇಲೆ ಆ ಬಿಸಿ ಗಾಳಿ ಮೇಲೇಳುತ್ತದೆ. ಸಮುದ್ರದ ಕಡೆಯಿಂದ ಬಂದ ತೇವ ಅದರೊಡನೆ ಕೂಡಿತೆಂದರೆ ನೋಡನೋಡುತ್ತಿದ್ದಂತೆ 10-12 ಕಿಲೋಮೀಟರ್ ಎತ್ತರದ ಮೋಡವೊಂದು ಗೋಪುರದಂತೆ ನಿಲ್ಲುತ್ತದೆ. ಬಸವಕಲ್ಯಾಣಕ್ಕೆ ಸಮೀಪದ ಮೋರಖಂಡಿಯಲ್ಲಿ ಈ ನೋಟವನ್ನು ನಾನು ಅನೇಕ ಸಲ ಕಂಡಿದ್ದೇನೆ. ರಾಷ್ಟ್ರಕೂಟರ ಮಯೂರಖಂಡಿ ಇದೇ ಊರೆಂದು ಕೆಲವು ವಿದ್ವಾಂಸರು ಗುರುತಿಸಿದ್ದಾರೆ. ಆದರೆ ಇಂದಿನ ಮಾತು ಶಾಸನದ್ದಲ್ಲ, ಆಕಾಶದ್ದು.

ಆ ಊರಿನ ನಮ್ಮ ಬಂಧುಗಳ ಮಗನೊಬ್ಬನಿಗೆ ಬಿರುಗಾಳಿ, ಮಿಂಚು, ಆಲಿಕಲ್ಲುಗಳನ್ನು ವಿಡಿಯೋದಲ್ಲಿ ಸೆರೆ ಹಿಡಿಯುವ ಗೀಳು. ಒಂದು ಒಳ್ಳೆಯ ಕ್ಯಾಮೆರಾ ಅವನಲ್ಲಿದೆ. ಕಳೆದ ಬೇಸಿಗೆಯಲ್ಲಿ ನನ್ನ ಬಳಿ ಬಂದು, "ಕಾಕಾ, ಇನ್ನೊಂದು ಕ್ಯಾಮೆರಾ ಬೇಕಾಗ್ಯಾದರಿ, ಕಡಿಮಿ ರೊಕ್ಕದಾಗ ಬರೂವಂಥಾದ್ದು" ಎಂದ. ಅವನ ತಾಯಿಗೆ ಈ ಹವ್ಯಾಸವೇ ಬೇಡ. ಮೋಡ ಕಟ್ಟಿದೊಡನೆ ಮಗ ಮಾಳಿಗೆ ಹತ್ತುತ್ತಾನೆ, ಇಲ್ಲವೇ ಹೊಲದ ಬದುವಿಗೆ ಓಡುತ್ತಾನೆ. ಆಕೆಯ ಅಂಜಿಕೆ ಸುಳ್ಳಲ್ಲ. ಅಮೆರಿಕೆಯ ಓಕ್ಲಹೋಮ ರಾಜ್ಯದ ಎಲ್ ರೀನೋ ಬಳಿ 2013ರ ಮೇ 31ರಂದು ಸುಂಟರಗಾಳಿಯನ್ನು ಬೆನ್ನಟ್ಟಿದ ಟಿಮ್ ಸಮಾರಸ್, ಅವರ ಮಗ ಪಾಲ್ ಮತ್ತು ಸಂಗಾತಿ ಕಾರ್ಲ್ ಯಂಗ್ ಮೂವರೂ ಅದಕ್ಕೇ ಬಲಿಯಾದರು. ಸಮಾರಸ್ ಹವ್ಯಾಸಿಯಲ್ಲ, ನುರಿತ ಸಂಶೋಧಕ. ನಮ್ಮ ನಾಡಿನಲ್ಲಿ ಅಷ್ಟು ದೊಡ್ಡ ಸುಂಟರಗಾಳಿಯಿಲ್ಲವಾದರೂ ಸಿಡಿಲು ಪ್ರತಿವರ್ಷ ಹೊಲದಲ್ಲಿದ್ದವರನ್ನೂ ಮರದಡಿ ನಿಂತವರನ್ನೂ ಕೊಲ್ಲುತ್ತಲೇ ಇದೆ.

ಆದ್ದರಿಂದ ನಾನು ಅವನಿಗೆ ಕೇಳಿದ ಮೊದಲ ಪ್ರಶ್ನೆ: ಎರಡನೆಯದು ಏತಕ್ಕೆ? ಮೊದಲನೆಯದಕ್ಕಿಂತ ಉತ್ತಮವಾದುದನ್ನು ಕೊಳ್ಳುವುದಾದರೆ ಅದು ಎರಡನೆಯದಾಗದು, ಹಳೆಯದು ಮೂಲೆಗೆ ಸೇರೀತು. ಎರಡನೆಯ ಕ್ಯಾಮೆರಾದ ಕೆಲಸ ಬೇರೆ. ಅದು ಒಂದೇ ಕಡೆ ನಿಂತು, ಯಾರ ಕೈಯೂ ತಗಲದೆ, ಇಡೀ ದಿಗಂತವನ್ನು ಎರಡು ಮೂರು ತಾಸು ಬಿಡದೆ ನೋಡುತ್ತಿರಬೇಕು. ಆಗ ಹುಡುಗ ಒಳಗೆ ಕೂತಿರಬಹುದು.

ಈ ವಿವೇಕ ನನಗೂ ಪೆಟ್ಟು ತಿಂದ ಮೇಲೆಯೇ ಬಂದದ್ದು. ಪಟ್ಟಣದ ಅಂಗಡಿಯೊಂದರಲ್ಲಿ ಅವನಿಗೆ ನಾನೇ ಒಂದು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಡಿಸಿದೆ. ಅರ್ಧ ತಾಸಿಗೆ ಅದು ತಾನಾಗಿಯೇ ನಿಂತುಹೋಗುತ್ತಿತ್ತು. ಫೋಟೋಕ್ಕಾಗಿ ಮಾಡಿದ ಅನೇಕ ಕ್ಯಾಮೆರಾಗಳಿಗೆ ವಿಡಿಯೋದಲ್ಲಿ ಸುಮಾರು 30 ನಿಮಿಷದ ಮಿತಿ ಇರುತ್ತಿತ್ತೆಂಬುದನ್ನು ಅಂಗಡಿಯವನು ಹೇಳಲಿಲ್ಲ, ಕೇಳಲು ನನಗೂ ತಿಳಿಯಲಿಲ್ಲ. ಕೊಳ್ಳುವ ಮುನ್ನ ಅಂಗಡಿಯಲ್ಲೇ ಒಂದು ತಾಸು ಓಡಿಸಿ ನೋಡಬೇಕು, ನಾಚಿಕೆ ಬೇಡ.

ಮದುವೆ ಮುಂಜಿಗಳಿಗೆಂದು ಕೊಂಡ ಟೇಪಿನ ಹ್ಯಾಂಡಿಕ್ಯಾಮ್ ಕೆಲವರ ಮನೆಯಲ್ಲಿ ಇಂದಿಗೂ ಇದೆ. ಮಿನಿ ಡಿವಿ ಟೇಪಿಗೆ ಸಾಮಾನ್ಯವಾಗಿ ಒಂದೇ ತಾಸು; ಅದನ್ನು ಕಂಪ್ಯೂಟರಿಗೆ ಇಳಿಸುವ ಫೈರ್‌ವೈರ್ ಕಿಂಡಿ ಹೊಸ ಯಂತ್ರಗಳಲ್ಲಿಲ್ಲ. ಆದರೂ ಒಂದು ಗುಣ ಹೇಳಲೇಬೇಕು. ಇಂದಿನ ಬಹುಪಾಲು ಕ್ಯಾಮೆರಾಗಳು ಚಿತ್ರವನ್ನು ಸಾಲು ಸಾಲಾಗಿ ಮೇಲಿನಿಂದ ಕೆಳಗೆ ಓದುತ್ತವೆ. ಆ ನಡುವೆ ಮಿಂಚು ಹೊಳೆದು ಮಾಯವಾದರೆ ಚಿತ್ರದ ಅರ್ಧ ಬೆಳಗಿ ಅರ್ಧ ಕತ್ತಲಾಗಿ ಉಳಿಯುತ್ತದೆ. ಸಿ.ಸಿ.ಡಿ. ಸಂವೇದಕವಿದ್ದ ಹಳೆಯ ಹ್ಯಾಂಡಿಕ್ಯಾಮ್‌ಗಳಲ್ಲಿ ಈ ಕೊರತೆ ಇಲ್ಲ. ಟೇಪಿನದನ್ನು ಬಿಟ್ಟು ಮೆಮೊರಿ ಕಾರ್ಡಿನ ಹಳೆಯ ಹ್ಯಾಂಡಿಕ್ಯಾಮ್ ಸಿಕ್ಕಿದರೆ, ಲೆನ್ಸಿನೊಳಗೆ ಬೂಷ್ಟು ಹಿಡಿದಿಲ್ಲವೆಂದು ಬೆಳಕಿಗೆ ಹಿಡಿದು ನೋಡಿಕೊಂಡು ತರಬಹುದು. ಆಕ್ಷನ್ ಕ್ಯಾಮೆರಾಗಳ ನೋಟ ವಿಶಾಲ, ನೀರಿಗೂ ಅಂಜವು. ಆದರೆ ದೂರದ ಮೋಡ ಅವುಗಳಲ್ಲಿ ಅಂಗೈಯಷ್ಟೇ ಕಾಣುತ್ತದೆ, ಕತ್ತಲಾದರೆ ಚಿತ್ರ ಮರಳು ಮರಳಾಗುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಪೆಟ್ಟಿಗೆಯಲ್ಲಿ ಬಿದ್ದಿರುವ ಹಳೆಯ ಮೊಬೈಲೇ ಮೊದಲ ಪರೀಕ್ಷೆಗೆ ಯೋಗ್ಯ. ಉಳಿದ ಹಣವನ್ನು ಗಟ್ಟಿಯಾದ ಟ್ರೈಪಾಡಿಗೂ ಪವರ್ ಬ್ಯಾಂಕಿಗೂ ಹಾಕಬೇಕು. ಮಳೆ ಬಂದೊಡನೆ ಹಳ್ಳಿಯಲ್ಲಿ ಕರೆಂಟು ಹೋಗುವುದು ಎಲ್ಲರಿಗೂ ಗೊತ್ತು. ಹೋಗದಿದ್ದರೂ ಸಿಡಿಲಿನ ವೇಳೆ ಗೋಡೆಯ ಪ್ಲಗ್ಗಿಗೆ ಜೋಡಿಸಿಡುವುದು ತರವಲ್ಲ. ಸೆಕೆಂಡಿಗೆ 17 ಮೆಗಾಬಿಟ್ ವೇಗದಲ್ಲಿ ದಾಖಲಿಸಿದರೆ ತಾಸಿಗೆ 7.5 ಜಿ.ಬಿ.ಗಿಂತ ತುಸು ಹೆಚ್ಚು ಬೇಕಾಗುತ್ತದೆ. ಬರಿದಾದ 64 ಜಿ.ಬಿ. ಕಾರ್ಡು ಒಂದು ಸಂಜೆಗೆ ಧಾರಾಳ ಸಾಕು. ಫೋಕಸ್ಸನ್ನೂ ಬೆಳಕಿನ ಅಳತೆಯನ್ನೂ ಕ್ಯಾಮೆರಾದ ಇಚ್ಛೆಗೆ ಬಿಡಬಾರದು. ಬಿಟ್ಟರೆ ಪ್ರತಿ ಮಿಂಚಿಗೂ ಅದು ತಡವರಿಸುತ್ತದೆ, ಮೋಡವೆಲ್ಲ ಬಿಳಿಚಿಕೊಳ್ಳುತ್ತದೆ. ದೂರದ ದೀಪವೊಂದಕ್ಕೆ ಫೋಕಸ್ ಹೊಂದಿಸಿ ಅಲ್ಲಿಯೇ ಬಿಗಿಮಾಡಬೇಕು. ಕಿಟಕಿಯ ಗಾಜಿಗೆ ಲೆನ್ಸು ತಗಲುವಷ್ಟು ಹತ್ತಿರವಿಟ್ಟು, ಕೋಣೆಯ ದೀಪವಾರಿಸಿ, ತಾನು ಆ ಕಿಟಕಿಯಿಂದ ದೂರ ಸರಿದು ಕೂಡುವುದು. ಪುಣೆಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯ 'ದಾಮಿನಿ' ಆ್ಯಪು ಸಮೀಪದಲ್ಲಿ ಬಿದ್ದ ಸಿಡಿಲನ್ನು ತೋರಿಸುತ್ತದೆ; ಅದು ಆ ತಾಯಿಯ ಮೊಬೈಲಿನಲ್ಲೂ ಇರಲಿ ಎಂದೆ.

ಇದು ಬರಿಯ ಚೆಲುವಿನ ಹುಚ್ಚೆಂದು ತಿಳಿಯಬಾರದು. 2014ರ ಫೆಬ್ರವರಿ-ಮಾರ್ಚ್ ತಿಂಗಳ ಆಲಿಕಲ್ಲು ಮಹಾರಾಷ್ಟ್ರದಲ್ಲೂ ನಮ್ಮ ಉತ್ತರ ಕರ್ನಾಟಕದಲ್ಲೂ ನಿಂತ ಬೆಳೆಯನ್ನು ನೆಲಕ್ಕೊರಗಿಸಿದ್ದನ್ನು ರೈತರು ಮರೆತಿಲ್ಲ. ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲಿನ ಹಾನಿಯನ್ನು 72 ಗಂಟೆಗಳೊಳಗೆ ತಿಳಿಸಬೇಕು. ವಿಡಿಯೋ ಒಂದೇ ಪರಿಹಾರ ಕೊಡಿಸಲಾರದು, ಸಮೀಕ್ಷೆ ಆಗಲೇಬೇಕು. ಆದರೆ ಯಾವ ದಿನ, ಎಷ್ಟು ಹೊತ್ತಿಗೆ ಕಲ್ಲು ಬಿದ್ದಿತೆಂಬುದಕ್ಕೆ ಗಡಿಯಾರ ಸರಿಯಿರುವ ಕ್ಯಾಮೆರಾ ಸಾಕ್ಷಿ ನುಡಿಯುತ್ತದೆ.

ಈ ವೈಶಾಖದಲ್ಲಿ ಅವರ ಮಾಳಿಗೆಯ ಕೋಣೆಯಲ್ಲಿ ಹಳೆಯ ಮೊಬೈಲು ಕಿಟಕಿಗೆ ಮುಖಮಾಡಿ ನಿಂತಿತ್ತು. ಹುಡುಗ ಕೆಳಗೆ ಪಡಸಾಲೆಯಲ್ಲಿ ತಾಯಿಯ ಬಳಿ ಕೂತಿದ್ದ. ಮಳೆ ನಿಂತ ಮೇಲೆ ಮೂವರೂ ಅದನ್ನು ನೋಡಿದೆವು. ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡುಗಳನ್ನು ಎಣಿಸಿ, ಮೂರಕ್ಕೆ ಒಂದು ಕಿಲೋಮೀಟರಿನಂತೆ ದೂರ ಲೆಕ್ಕ ಹಾಕಿದವಳು ಆ ತಾಯಿಯೇ. ಒಂದು ಸಿಡಿಲು ಎರಡು ಕಿಲೋಮೀಟರಿಗಿಂತ ಹತ್ತಿರ ಬಿದ್ದಿತ್ತು.