ಬಿತ್ತನೆ ಚೀಲ ಬಿಚ್ಚುವ ಮುಂಚೆ



ಆಫ್ರಿಕಾದ ಸೊಮಾಲಿಯದಲ್ಲಿಯೂ ನಮ್ಮಲ್ಲಿಯಂತೆ ಜೋಳವೇ ಬಡವರ ಬೆಳೆ. 1991ರಿಂದ ಅಲ್ಲಿ ಒಳಯುದ್ಧ. 2010ರ ಹಿಂಗಾರು, 2011ರ ಮುಂಗಾರು ಎರಡೂ ಕೈಕೊಟ್ಟವು. ಕಾದಾಟದ ನಡುವೆ ನೆರವು ತಲುಪುವುದು ಕಷ್ಟವಾಯಿತು. ಆ ಕ್ಷಾಮದಲ್ಲಿ ಸುಮಾರು 2,60,000 ಜನ ಮಡಿದರು. ಅವರಲ್ಲಿ ಅರ್ಧದಷ್ಟು ಐದು ವರ್ಷದೊಳಗಿನ ಮಕ್ಕಳು.

ಇಂಥ ಕಡೆ ಬರಿಯ ಬೀಜ ಹಂಚಿದರೆ ಸಾಕೇ? ಸಾಲದು. ಮಕ್ಕಳು ಹಸಿದು ಅಳುವಾಗ ತಾಯಿ ಆ ಬೀಜವನ್ನೇ ಬೀಸಿ ಉಣಿಸುವಳು. ಅದು ಅವಳ ತಪ್ಪಲ್ಲ. ಆದುದರಿಂದ ಬೀಜದೊಡನೆ ಕೊಯ್ಲಿನವರೆಗಿನ ಊಟಕ್ಕೂ ದಾರಿಯಾಗಬೇಕು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ಅಲ್ಲಿ ಕಾಲುವೆಯ ಹೂಳೆತ್ತುವ, ನೀರಿನ ಹೊಂಡ ತೋಡುವ ಕೆಲಸಕ್ಕೆ ಕೂಲಿ ಹಣ ಕೊಟ್ಟಿತು. ಒಲೆಯೂ ಉರಿಯಿತು, ಮುಂದಿನ ಮಳೆಗೆ ನೀರು ನಿಲ್ಲಲು ಸ್ಥಳವೂ ಆಯಿತು. ಬೀಜವಾದರೋ ಏಪ್ರಿಲ್ ಮಳೆಗೆ ಮುಂಚೆಯೇ ಮುಟ್ಟಬೇಕು; ಹದ ತಪ್ಪಿದ ಮೇಲೆ ಬಂದ ಬೀಜದಿಂದ ಫಲವಿಲ್ಲ.

ಕಡಲ ತೀರದ ಬೆಸ್ತರಿಗೂ ಇದೇ ಮಾತು. ದೋಣಿ, ಬಲೆ ಕೊಟ್ಟರಷ್ಟೇ ಆಗದು. ಆ ಬಿಸಿಲಿಗೆ ಮೀನು ಬೇಗ ಕೆಡುವುದು. ಮಂಜುಗಡ್ಡೆ ಬೇಕು, ಇಲ್ಲವೇ ಉಪ್ಪು ಹಾಕಿ ಒಣಗಿಸುವ ಏರ್ಪಾಡು ಬೇಕು.

ನಾವು ಮಾಡತಕ್ಕದ್ದೇನು?

1. ಬಿತ್ತನೆ ಜೋಳವನ್ನು ಚೆನ್ನಾಗಿ ಒಣಗಿಸಿ, ಉಣ್ಣುವ ಜೋಳದಿಂದ ಬೇರೆಯಾಗಿಡಿರಿ.

2. ಬಿತ್ತುವ ಮುಂಚೆ ನೂರು ಕಾಳುಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಡಿರಿ. ವಾರದೊಳಗೆ 75ಕ್ಕಿಂತ ಕಡಿಮೆ ಮೊಳೆತರೆ ಬೇರೆ ಬೀಜ ನೋಡಿರಿ.

3. ಬರದ ವರ್ಷ ಮನೆಯ ಕಾಳು ತೀರಿದರೆ, ಬಿತ್ತನೆ ಚೀಲ ಬಿಚ್ಚುವ ಮುಂಚೆ ನನಗೆ ಹೇಳಿ ಕಳುಹಿಸಿರಿ. ಪಂಚಾಯತಿಯಲ್ಲಿ ಕೂಲಿ ಕೆಲಸ ಕೇಳೋಣ. ಹಸಿವನ್ನು ಹೇಳಿಕೊಳ್ಳಲು ಸಂಕೋಚ ಬೇಡ.

— ಗ್ರಾಮಸೇವಕ