ರಜೆ 27 ದಿನ, ಚಿಕಿತ್ಸೆ 8 ತಿಂಗಳು!

ತುಮಕೂರು: ಎಂ.ಜಿ. ರಸ್ತೆಯ ಬಟ್ಟೆ ಅಂಗಡಿಗಳಲ್ಲಿ, ಮಂಡಿಪೇಟೆಯ ಮಳಿಗೆಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ನಿಂತೇ ದುಡಿಯುವವರಿಗೆ ನೆಗಡಿ-ಜ್ವರ ಬಂದರೆ ಯಜಮಾನರ ಬಾಯಲ್ಲಿ ಒಂದೇ ಮಾತು: "ಒಂದ್ ಮಾತ್ರೆ ನುಂಗ್ಕೊಂಡು ಬಾ, ವ್ಯಾಪಾರದ ಟೈಮು." ನೆಗಡಿಗೆ ಅದು ನಡೆದೀತು. ಕ್ಯಾನ್ಸರ್ ಬಂದರೆ?

ಪೇಟೆಯ ಒಂದು ಸೀರೆ ಅಂಗಡಿಯಲ್ಲಿ 11 ವರ್ಷದಿಂದ ಕೆಲಸಕ್ಕಿದ್ದ ಹೆಣ್ಣುಮಗಳೊಬ್ಬಳಿಗೆ ಬಂತು. ವಯಸ್ಸು 42. ಎದೆಯಲ್ಲಿ ಗಂಟು. ನೋವಿಲ್ಲವಲ್ಲ ಎಂದು ಎರಡು ಹಬ್ಬದ ವ್ಯಾಪಾರ ಮುಗಿಯುವವರೆಗೆ ಬಾಯಿ ಬಿಡಲಿಲ್ಲ. (ಇಂಥ ಗಂಟು ಮೊದಮೊದಲು ಸಾಮಾನ್ಯವಾಗಿ ನೋಯುವುದೇ ಇಲ್ಲ. ನೋವಿಲ್ಲ ಎಂದು ಸುಮ್ಮನೆ ಕೂತವರೇ ಹೆಚ್ಚು ತಡ ಮಾಡಿಕೊಳ್ಳುವುದು.) ಕೊನೆಗೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ. 1973ರಲ್ಲಿ ಶುರುವಾದ ಈ ಆಸ್ಪತ್ರೆಯ ದಾರಿ ನಮ್ಮ ಜಿಲ್ಲೆಯ ಬಡವರಿಗೆ ಚೆನ್ನಾಗಿ ಗೊತ್ತು.

ಯಜಮಾನರು ಕೆಟ್ಟವರೇನಲ್ಲ. ವಿಷಯ ತಿಳಿದ ದಿನವೇ 10 ಸಾವಿರ ಕೈಗಿಟ್ಟರು. "ವಾಸಿ ಮಾಡ್ಕೊಂಡ್ ಬಾಮ್ಮ, ನಿನ್ ಜಾಗ ಎಲ್ಲೂ ಹೋಗಲ್ಲ" ಅಂದರು. ಆದರೆ ಆ ಮಾತು ಕಾಗದದ ಮೇಲೆ ಇರಲಿಲ್ಲ. ಕಾಗದ ಎಂಬುದು ಆ ಅಂಗಡಿಯಲ್ಲಿ ಯಾವತ್ತೂ ಇರಲಿಲ್ಲ ಅನ್ನಿ. ಸಂಬಳ ಕವರಿನಲ್ಲಿ, ಸಹಿ ನೋಟ್ ಪುಸ್ತಕದಲ್ಲಿ.

ಈಗ ಅಂಗಡಿಯವರಿಗೆ ಅರ್ಥವಾಗುವ ಭಾಷೆಯಲ್ಲೇ ಲೆಕ್ಕ ಹಾಕೋಣ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಕೆಲಸಗಾರರಿಗೆ ವರ್ಷಕ್ಕೆ 12 ದಿನ ಕಾಯಿಲೆ-ಕಸಾಲೆ ರಜೆ, ಸಂಬಳ ಸಮೇತ. ಜೊತೆಗೆ 20 ದಿನ ದುಡಿದರೆ 1 ದಿನ ಗಳಿಕೆ ರಜೆ. ವರ್ಷಕ್ಕೆ 300 ದಿನ ದುಡಿದವರಿಗೆ 15 ದಿನ. ಒಟ್ಟು 27. ಅದೂ ಕಾನೂನು ಪಾಲಿಸುವ ಅಂಗಡಿಯಲ್ಲಿ.

ಕಾಯಿಲೆಯ ಲೆಕ್ಕ ಬೇರೆ. ಆಪರೇಷನ್ನಿಗೆ ಕಡಿಮೆ ಅಂದರೂ 20 ದಿನ. ಆಮೇಲೆ 21 ದಿನಕ್ಕೊಂದರಂತೆ 4 ಕಿಮೋ; ಹಾಕಿಸಿಕೊಂಡ ಮೇಲೆ ಎರಡು ಮೂರು ದಿನ ವಾಂತಿ, ಸುಸ್ತು, ತಲೆ ಎತ್ತಲಾಗದು. ಇದು 16 ದಿನ. ನಂತರ ವಾರಕ್ಕೊಂದರಂತೆ 12 ಕಿಮೋ, ಅದು 12 ದಿನ. ಕಡೆಗೆ 'ಕರೆಂಟು'. ವಿಕಿರಣ ಚಿಕಿತ್ಸೆಗೆ ರೋಗಿಗಳು ಇಟ್ಟಿರುವ ಹೆಸರು ಅದು. ಸೋಮವಾರದಿಂದ ಶುಕ್ರವಾರ, ಕೆಲವರಿಗೆ 3 ವಾರ, ಕೆಲವರಿಗೆ 5 ವಾರ. ಕಡಿಮೆಯದನ್ನೇ ಹಿಡಿದರೂ 15 ದಿನ. ಕೂಡಿಸಿದರೆ 63. ಶುರುವಿನಿಂದ ಕೊನೆಯವರೆಗೆ ಹೆಚ್ಚುಕಡಿಮೆ 8 ತಿಂಗಳು ಎಳೆಯುತ್ತದೆ. 63ರಲ್ಲಿ 27 ಕಳೆಯಿರಿ. ಉಳಿದ 36 ದಿನದ ಸಂಬಳ ಯಾರು ಕೊಡುತ್ತಾರೆ?

ಕರೆಂಟು ಕೊಡುವುದು ಕೆಲವೇ ನಿಮಿಷ. ಹೋಗಿ ಬರುವುದು ಇಡೀ ದಿನ. ನಸುಕಿನ 5 ಗಂಟೆಗೆ ಬಸ್ ಸ್ಟ್ಯಾಂಡು, ಮೆಜೆಸ್ಟಿಕ್ಕಿನಲ್ಲಿ ಇಳಿದು ಹೊಸೂರು ರಸ್ತೆಗೆ ಇನ್ನೊಂದು ಬಸ್ಸು. 2023ರ ಜೂನ್‌ನಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿಲ್ಲ, ಆ ಮಟ್ಟಿಗೆ ಪುಣ್ಯ. ಗಂಡಸು ರೋಗಿಗೆ ರೈಲೇ ಮೇಲು: ಆಸ್ಪತ್ರೆಯ ವೈದ್ಯರು ಸಹಿ ಹಾಕಿದ ಫಾರಂ ತೋರಿಸಿದರೆ ಸೆಕೆಂಡ್ ಕ್ಲಾಸಿನಲ್ಲಿ ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವವರಿಗೂ ಮುಕ್ಕಾಲು ಪಾಲು ರಿಯಾಯಿತಿ. ದಿನಾ ಅದೇ ರೈಲಿನಲ್ಲಿ ಓಡಾಡುವವರಲ್ಲೂ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ.

ಔಷಧಿ ಖರ್ಚಿನ ಮಾತು ಬೇರೆ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಆಕೆಗೂ ಅದು ಸಿಕ್ಕಿತು. "ಕಾರ್ಡು ಆಪರೇಷನ್ಗಾಯ್ತು ಸ್ವಾಮಿ. ಮನೆ ಬಾಡಿಗೆಗೆ ಯಾವ್ ಕಾರ್ಡು?" ಎಂಬುದು ಆಕೆಯ ಪ್ರಶ್ನೆ.

ಹಾಗಾಗಿ ಕಿಮೋ ನಡುನಡುವೆಯೇ ಆಕೆ ಕೆಲಸಕ್ಕೆ ಬಂದಳು. ತಲೆಗೆ ಸ್ಕಾರ್ಫು. ಗಿರಾಕಿಯೊಬ್ಬರು "ಅಂಟುತ್ತಾ?" ಎಂದು ಪಕ್ಕದ ಹುಡುಗಿಯನ್ನು ಪಿಸುಮಾತಿನಲ್ಲಿ ಕೇಳಿದ್ದೇ ತಡ, ಯಜಮಾನರು ಆಕೆಯನ್ನು ಕೌಂಟರಿನಿಂದ ಒಳಗಿನ ಕೋಣೆಗೆ, ಸೀರೆ ಮಡಿಸುವ ಕೆಲಸಕ್ಕೆ ಹಾಕಿದರು. ಕ್ಯಾನ್ಸರ್ ಅಂಟುರೋಗವಲ್ಲ. ಒಬ್ಬರ ತಟ್ಟೆಯಲ್ಲಿ ಇನ್ನೊಬ್ಬರು ಉಂಡರೂ ಬರುವುದಿಲ್ಲ. ನಿಜಕ್ಕೂ ಹೆದರಬೇಕಾದವಳು ಆಕೆಯೇ, ಗಿರಾಕಿಯಲ್ಲ. ಕಿಮೋ ಆದ ಒಂದೆರಡು ವಾರ ರಕ್ತದಲ್ಲಿ ಬಿಳಿಕಣ ಇಳಿದಿರುತ್ತವೆ, ಕೆಮ್ಮುವವರ ಗುಂಪಿನಲ್ಲಿ ನಿಲ್ಲಬಾರದು. ಜ್ವರ 100.4 ಡಿಗ್ರಿ ಮುಟ್ಟಿತೋ, ಮಾತ್ರೆ ನುಂಗಿ ಕೆಲಸಕ್ಕೆ ಬರುವಂತಿಲ್ಲ, ತಕ್ಷಣ ಆಸ್ಪತ್ರೆಗೆ ಓಡಬೇಕು. ಹೀಗೆ ನೋಡಿದರೆ ಒಳಕೋಣೆ ಆಕೆಗೆ ಒಳ್ಳೆಯದೇ ಆಯಿತು. ಕಳಿಸಿದ ಕಾರಣ ಮಾತ್ರ ಸರಿಯಿರಲಿಲ್ಲ.

ಕಂಕುಳಿನ ಗಂಟುಗಳನ್ನೂ ತೆಗೆದಿದ್ದರಿಂದ ಆ ಕಡೆಯ ತೋಳು ಊದಿಕೊಳ್ಳುವ ಭಯ. ಮೇಲಿನ ಕಪಾಟಿನಿಂದ ಸೀರೆ ರಾಶಿ ಏಕಾಏಕಿ ಎಳೆಯುವಂತಿಲ್ಲ. ವಾರದ ಕಿಮೋ ಶುರುವಾದ ಮೇಲೆ ಬೆರಳ ತುದಿ ಜೋಮು ಹಿಡಿಯಿತು, ನೋಟು ಎಣಿಸಲು ಆಗದು. ಆದರೆ ಬಾಯಿ, ಬುದ್ಧಿ, 11 ವರ್ಷದ ಅನುಭವ ಎಲ್ಲೂ ಹೋಗಿರಲಿಲ್ಲ. ಯಾವ ಗಿರಾಕಿಗೆ ಯಾವ ಸೀರೆ ಎಂದು ಕೂತಲ್ಲೇ ಹೇಳಬಲ್ಲಳು. ಒಂದು ಸ್ಟೂಲು ಕೊಟ್ಟಿದ್ದರೆ ಸಾಕಿತ್ತು. ಕೊಟ್ಟದ್ದು ಆಕೆಯಲ್ಲ, ಯಜಮಾನರ ಮನೆಯಾಕೆ ಬಂದು ನೋಡಿ ಬೈದ ಮೇಲೆ ಬಂತು ಆ ಸ್ಟೂಲು. ಕಿಮೋವನ್ನು ಅಂಗಡಿಯ ವಾರದ ರಜೆಯ ಹಿಂದಿನ ದಿನಕ್ಕೆ ಹಾಕಿಕೊಡಿ ಎಂದು ಡಾಕ್ಟರನ್ನು ಕೇಳಬಹುದು ಎಂದು ಹೇಳಿಕೊಟ್ಟವರೂ ಆ ತಾಯಿಯೇ. ಡಾಕ್ಟರು ಒಪ್ಪಿದರು. ತಿಂಗಳಿಗೆ ಒಂದೆರಡು ದಿನದ ಸಂಬಳ ಉಳಿಯಿತು.

ಇದೇ ಊರಿನ ಇನ್ನೊಬ್ಬರ ಕಥೆ ನೋಡಿ. ವಸಂತನರಸಾಪುರದ ಕಾರ್ಖಾನೆಯೊಂದರ ಕೆಲಸಗಾರ, ಬಾಯಿ ಕ್ಯಾನ್ಸರು. ಗುಟ್ಕಾ ಮಹಿಮೆ. ಅವರಿಗೆ ಇಎಸ್ಐ ಇತ್ತು. ಮೊದಲ 91 ದಿನ ಸಂಬಳದ 70 ಪರ್ಸೆಂಟು ಬಂತು. ಕ್ಯಾನ್ಸರ್ ದೀರ್ಘಕಾಲದ ಕಾಯಿಲೆಗಳ ಪಟ್ಟಿಯಲ್ಲಿರುವುದರಿಂದ ಆಮೇಲೆ 80 ಪರ್ಸೆಂಟು. ಎರಡು ವರ್ಷ ವಿಮೆಯಲ್ಲಿದ್ದು ವಂತಿಗೆ ಕಟ್ಟಿದವರಿಗೆ ಇದು ಎರಡು ವರ್ಷದವರೆಗೂ ಸಿಗಬಹುದು. ಚಿಕಿತ್ಸೆ ಮುಗಿಯುವವರೆಗೆ ಅವರು ಮನೆಯಲ್ಲಿದ್ದರು, ಒಲೆ ಆರಲಿಲ್ಲ.

ಸೀರೆ ಅಂಗಡಿಯವಳಿಗೆ ಯಾಕಿಲ್ಲ? 10 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಅಂಗಡಿಗೂ ಇಎಸ್ಐ ಅನ್ವಯ, ತಿಂಗಳ ಸಂಬಳ 21 ಸಾವಿರ ಮೀರಿರಬಾರದು ಅಷ್ಟೆ. ಮಾಲೀಕರು ಕಟ್ಟಬೇಕಾದ್ದು ಸಂಬಳದ 3.25 ಪರ್ಸೆಂಟು, ಕೆಲಸಗಾರರದು 0.75. ಅಂದರೆ 12 ಸಾವಿರ ಸಂಬಳಕ್ಕೆ ಮಾಲೀಕರ ಪಾಲು 390 ರೂಪಾಯಿ! ಆ ಅಂಗಡಿಯಲ್ಲಿ ಹಬ್ಬದ ದಿನ ತಲೆ ಎಣಿಸಿದರೆ 14. ರಿಜಿಸ್ಟರಿನಲ್ಲಿ 9. ಉಳಿದ ಐವರು ಯಾರು? ಯಜಮಾನರ ಪ್ರಕಾರ "ನಮ್ ಸಂಬಂಧಿಕರ ಹುಡುಗ್ರು". ಇಂಥ ಸಂಬಂಧಿಕರು ನಮ್ಮ ಪೇಟೆಯ ಎಷ್ಟು ಅಂಗಡಿಗಳಲ್ಲಿದ್ದಾರೋ, ಕಾರ್ಮಿಕ ಇಲಾಖೆಯವರು ಒಂದು ಸಂಜೆ ಸೀರೆ ಕೊಳ್ಳಲು ಬಂದರೆ ತಿಳಿದೀತು.

ಮಾಲೀಕರ ಕಡೆಯ ಮಾತೂ ಇದೆ. "ದೀಪಾವಳಿಗೆ ಆಳಿಲ್ದೆ ಅಂಗಡಿ ನಡೆಸೋಕಾಗುತ್ತಾ? ಹೊಸ ಹುಡುಗೀನ ತಗೊಂಡೆ. ಈಗ ಅವಳನ್ನ ಕಳಿಸ್ಲಾ?" ಪ್ರಶ್ನೆ ನ್ಯಾಯವಾದದ್ದೇ. ಆದರೆ 390 ಕಟ್ಟಿದ್ದರೆ ಈ ಸಂಕಟ ಇಬ್ಬರಿಗೂ ಅರ್ಧ ಇಳಿಯುತ್ತಿತ್ತು. ಕಡೆಗೆ ಇಬ್ಬರನ್ನೂ ಇಟ್ಟುಕೊಂಡರು, ಆಕೆಯ ಸಂಬಳದಲ್ಲಿ ಎರಡು ಸಾವಿರ ಇಳಿಸಿ.

ಕರೆಂಟು ಮುಗಿದಿದೆ. ಕೂದಲು ಬರುತ್ತಿದೆ. ಇನ್ನು ದಿನಕ್ಕೊಂದು ಮಾತ್ರೆ, 5 ವರ್ಷ. ಮೂರು ತಿಂಗಳಿಗೊಮ್ಮೆ ಕಿದ್ವಾಯಿಗೆ ಹೋಗಿ ತೋರಿಸಬೇಕು. ಆ ದಿನದ ಸಂಬಳ ಹಿಡಿಯುತ್ತಾರೋ ಇಲ್ಲವೋ ಎಂದು ಆಕೆ ಕೇಳಿಲ್ಲ, ಯಜಮಾನರು ಹೇಳಿಲ್ಲ. ಮುಂದಿನ ತಪಾಸಣೆ ಗೌರಿ ಹಬ್ಬಕ್ಕೆ ಎರಡು ದಿನ ಮುಂಚೆ ಬಿದ್ದಿದೆ.