ಟಿಕೆಟಿನ ಗಡಿಯಾರ, ಹೊಟ್ಟೆಯ ಗಡಿಯಾರ

ಮನೆಯ ಹಿರಿಯರು ಉಮ್ರಾಕ್ಕೆ ಹೊರಟಿದ್ದಾರೆ. ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಜಿದ್ದಾಕ್ಕೆ ನೇರ ವಿಮಾನ. ಟಿಕೆಟಿನಲ್ಲಿ ಹೊರಡುವುದು ಬೆಳಿಗ್ಗೆ 9ಕ್ಕೆ, ತಲುಪುವುದು ಮಧ್ಯಾಹ್ನ 12.30ಕ್ಕೆ ಎಂದಿದೆ ಎಂದಿಟ್ಟುಕೊಳ್ಳಿ. 'ಮೂರೂವರೆ ಗಂಟೆಯ ದಾರಿ, ಇಳಿದ ಮೇಲೆ ಊಟ ಮಾಡಿದರಾಯಿತು' ಎಂದು ನೀವು ಅವರಿಗೆ ಹೇಳಿದಿರಾ? ಹಾಗಾದರೆ ಲೆಕ್ಕ ತಪ್ಪಿತು.

ಈ ಎರಡು ನಿಲ್ದಾಣಗಳ ನಡುವಿನ ನೇರ ದೂರ ಸುಮಾರು 4,200 ಕಿ.ಮೀ. ವಿಮಾನ ಗಂಟೆಗೆ 850ರಿಂದ 900 ಕಿ.ಮೀ. ವೇಗದಲ್ಲಿ ಹಾರುತ್ತದೆ. ಮೇಲೇರಲು, ಇಳಿಯಲು, ಗೊತ್ತುಪಡಿಸಿದ ಮಾರ್ಗದಲ್ಲಿ ಸುತ್ತಿ ಹೋಗಲು ಬೇಕಾದ ಸಮಯವನ್ನೂ ಸೇರಿಸಿದರೆ ಪ್ರಯಾಣಕ್ಕೆ ಐದೂವರೆಯಿಂದ ಆರು ಗಂಟೆ ಬೇಕು. ಹಾಗಾದರೆ ಟಿಕೆಟ್ ಸುಳ್ಳು ಹೇಳುತ್ತದೆಯೇ? ಇಲ್ಲ. ಹೊರಡುವ ಸಮಯ ನಮ್ಮದು, ತಲುಪುವ ಸಮಯ ಅಲ್ಲಿಯದು. ಸೌದಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ. ಅಲ್ಲಿ 12.30 ಆದಾಗ ಇಲ್ಲಿ ಮಧ್ಯಾಹ್ನ 3 ಗಂಟೆ.

ಸಕ್ಕರೆ ಕಾಯಿಲೆ ಇರುವವರಿಗೆ ಇದು ಬರೀ ಲೆಕ್ಕವಲ್ಲ. ಮೂರು ಗಂಟೆ ಮೊದಲೇ ನಿಲ್ದಾಣದಲ್ಲಿರಬೇಕು. ನೆಲಮಂಗಲ, ಹೊಸಕೋಟೆಯವರು ಇನ್ನೂ ಬೇಗ ಮನೆ ಬಿಡಬೇಕು. ಇಳಿದ ಮೇಲೆ ಪಾಸ್‌ಪೋರ್ಟ್ ತಪಾಸಣೆ, ಸಾಮಾನಿಗಾಗಿ ಕಾಯುವುದು ಇದ್ದೇ ಇದೆ. ಬೆಳಿಗ್ಗೆ ಮಾತ್ರೆ ನುಂಗಿದವರು 'ಇಳಿದ ಮೇಲೆ ಊಟ' ಎಂದು ಹತ್ತು ಗಂಟೆ ಖಾಲಿ ಹೊಟ್ಟೆಯಲ್ಲಿ ಕೂತರೆ ಏನಾದೀತು, ಯೋಚಿಸಿ. ಔಷಧಿಯ ಹೊತ್ತನ್ನು ಮೊದಲೇ ವೈದ್ಯರಲ್ಲಿ ಕೇಳಿಕೊಳ್ಳಿ. ಔಷಧಿ ಕೈಚೀಲದಲ್ಲಿರಲಿ.

ಇಹ್ರಾಮಿನ ಬಟ್ಟೆಯನ್ನೂ ದೊಡ್ಡ ಪೆಟ್ಟಿಗೆಗೆ ಹಾಕಿ ಕಳಿಸಬೇಡಿ. ವಿಮಾನ ಜಿದ್ದಾದಲ್ಲಿ ಇಳಿಯುವ ಮೊದಲೇ, ಆಕಾಶದಲ್ಲೇ ಮೀಖಾತನ್ನು ದಾಟುತ್ತದೆ. ಅದಕ್ಕೇ ಹೆಚ್ಚಿನವರು ಇಲ್ಲಿಂದಲೇ ಇಹ್ರಾಮ್ ಧರಿಸಿ ಹೊರಡುತ್ತಾರೆ.

ರಮಝಾನಿನಲ್ಲಿ ಹೊರಟವರು ಇನ್ನೊಂದು ವಿಷಯ ಗಮನಿಸಲಿ. ಪಶ್ಚಿಮಕ್ಕೆ ಹೋದಂತೆ ಸೂರ್ಯ ಮುಳುಗುವುದು ತಡವಾಗುತ್ತದೆ. ಇಲ್ಲಿ ಸಹ್ರಿ ಮಾಡಿ ಜಿದ್ದಾದಲ್ಲಿ ಇಫ್ತಾರ್ ಮಾಡುವವರ ಉಪವಾಸ ಸುಮಾರು ಎರಡೂವರೆ ಗಂಟೆ ಉದ್ದವಾಗುತ್ತದೆ. ಪ್ರಯಾಣಿಕರಿಗೆ ಉಪವಾಸ ಬಿಟ್ಟು ಬಳಿಕ ಪೂರೈಸುವ ರಿಯಾಯಿತಿ ಇದೆ ಎಂಬುದನ್ನು ಹಿರಿಯರಿಗೆ ನೆನಪಿಸಿ.

ಮರಳಿ ಬರುವಾಗ ಎಲ್ಲವೂ ತಿರುಗುಮುರುಗು. ಅಲ್ಲಿ ಬೆಳಿಗ್ಗೆ 10ಕ್ಕೆ ಹೊರಟ ವಿಮಾನ ಇಲ್ಲಿ ಸಂಜೆ 6ಕ್ಕೆ ಇಳಿಯುತ್ತದೆ ಎಂದಿದ್ದರೆ ಎಂಟು ಗಂಟೆ ಎಂದು ಗಾಬರಿಯಾಗಬೇಡಿ, ಹಾರಾಟ ಐದೂವರೆ ಗಂಟೆಯದ್ದೇ. ರಾತ್ರಿ 12ರ ಬಳಿಕದ ವಿಮಾನವಾದರೆ ಮಾತ್ರ ತಾರೀಖನ್ನು ಎರಡು ಸಲ ನೋಡಿ. '12ನೇ ತಾರೀಖು 00.30' ಎಂದರೆ 11ರ ರಾತ್ರಿಯೇ ನಿಲ್ದಾಣದಲ್ಲಿರಬೇಕು. 12ರ ರಾತ್ರಿ ಹೋದರೆ ವಿಮಾನ ಹೋಗಿ ಒಂದು ದಿನವಾಗಿರುತ್ತದೆ.

ಒಂದು ಕಾಲದಲ್ಲಿ ಹಜ್ಜ್ ಯಾತ್ರಿಕರು ಮುಂಬೈಯಿಂದ ಹಡಗಿನಲ್ಲಿ ದಿನಗಟ್ಟಲೆ ಸಾಗಿ ಜಿದ್ದಾ ಸೇರುತ್ತಿದ್ದರು. 1995ರ ನಂತರ ಆ ಹಡಗುಗಳು ನಿಂತವು. ದಿನಗಟ್ಟಲೆಯ ಪ್ರಯಾಣದಲ್ಲಿ ದೇಹ ನಿಧಾನವಾಗಿ ಹೊಂದಿಕೊಳ್ಳುತ್ತಿತ್ತು. ಈಗ ಆರು ಗಂಟೆಯಲ್ಲಿ ಗಡಿಯಾರ ಬದಲಾಗುತ್ತದೆ, ದೇಹ ಬದಲಾಗುವುದಿಲ್ಲ.

ಹೊರಡುವ ಮುನ್ನ ಒಂದು ಚೀಟಿಯಲ್ಲಿ ಊಟ, ಔಷಧಿ, ಇಳಿಯುವ ಹೊತ್ತನ್ನು ಎರಡೂ ಊರಿನ ಸಮಯದಲ್ಲಿ ದೊಡ್ಡಕ್ಷರದಲ್ಲಿ ಬರೆದು ಅವರ ಕೈಗೆ ಕೊಡಿ. ಐದು ನಿಮಿಷದ ಕೆಲಸ. ಆದರೆ ಒಬ್ಬರೇ ಹೊರಟ ತಾಯಿಗೆ ಅದು ದೊಡ್ಡ ಆಸರೆ.